ನರಗುಂದದ ಅರಸನ ಪುಸ್ತಕಗಳು

ನರಗುಂದದ ಬಾಬಾಸಾಹೇಬನ ಕಥೆಯನ್ನು ನಮ್ಮ ಕಡೆ ಯಾರೇ ಹೇಳಲಿ, ಅದು ಶುರುವಾಗುವುದು ಮ್ಯಾನ್ಸನ್ನನ ರುಂಡದಿಂದ. ಸುರೇಬಾನದಲ್ಲಿ ಆ ಇಂಗ್ಲಿಷ್ ಅಧಿಕಾರಿಯ ತಲೆ ಕಡಿದದ್ದು, ಅದನ್ನು ನರಗುಂದಕ್ಕೆ ತಂದು ಊರ ಅಗಸಿಗೆ ತೂಗುಹಾಕಿದ್ದು, ಅದಾದ 14 ದಿನಕ್ಕೆ ಅರಸ ಬೆಳಗಾವಿಯಲ್ಲಿ ಗಲ್ಲಿಗೇರಿದ್ದು. ಆ ಅಗಸಿಯ, ಅಂದರೆ ಕೆಂಪಗಸಿಯ, ಹೆಸರು ಹೇಳಿದರೆ ಸಾಕು, ಮಿಕ್ಕಿದ್ದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ಆದರೆ ಇದೇ ಅರಸನ ಬಗ್ಗೆ ಅವನನ್ನು ಗಲ್ಲಿಗೇರಿಸಿದವರ ಕಡೆಯವರೇ ಬರೆದಿಟ್ಟ ಇನ್ನೊಂದು ಸಂಗತಿಯಿದೆ. ಅವನ ವಾಡೆಯಲ್ಲಿ ಮೂರರಿಂದ ನಾಲ್ಕು ಸಾವಿರ ಗ್ರಂಥಗಳ ಸಂಸ್ಕೃತ ಭಂಡಾರವಿತ್ತು. ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರಲ್ಲಿ ಅವನು ಒಳ್ಳೆಯ ತಿಳಿವಳಿಕೆಯುಳ್ಳವನೆಂದು ಹೆಸರಾಗಿದ್ದ. ಈ ಮಾತು ಲಾವಣಿಗೆ ಒಗ್ಗುವುದಿಲ್ಲ. ಹಾಗಾಗಿ ನಾವು ಅದನ್ನು ಹೇಳುವುದೂ ಕಡಿಮೆ.

ನನಗೆ ಮಾತ್ರ ಬಾಬಾಸಾಹೇಬನ ಬದುಕಿನ ಒಳಗುಟ್ಟು ಇರುವುದು ಆ ಪುಸ್ತಕಗಳಲ್ಲೇ ಅನ್ನಿಸುತ್ತದೆ. ಅಚ್ಚಿನ ಪುಸ್ತಕ ಹಳ್ಳಿಗಾಡಿಗೆ ಇನ್ನೂ ಸರಿಯಾಗಿ ಬಂದಿರದ ಕಾಲವದು. ಸಾವಿರಗಟ್ಟಲೆ ಗ್ರಂಥ ಕೂಡಿಸುವುದೆಂದರೆ ಲಿಪಿಕಾರರನ್ನು ಇಟ್ಟುಕೊಂಡು ನಕಲು ಮಾಡಿಸಬೇಕು, ಪಂಡಿತರಿಗೆ ಅನ್ನ ಬಟ್ಟೆ ಕೊಡಬೇಕು, ಯಾವ ಮಠದಲ್ಲಿ ಯಾವ ಕಟ್ಟು ಇದೆಯೆಂದು ವಿಚಾರಿಸುತ್ತಿರಬೇಕು. ಅಷ್ಟೆಲ್ಲ ಮಾಡುವವನು ತನ್ನೊಬ್ಬನ ಆಯುಷ್ಯಕ್ಕಷ್ಟೇ ಲೆಕ್ಕ ಹಾಕಿರುವುದಿಲ್ಲ. ತನ್ನ ನಂತರ ಓದುವವರಿರುತ್ತಾರೆ, ತನ್ನ ಮನೆತನ ಅದನ್ನು ಕಾಯುತ್ತದೆ ಎಂಬ ಭರವಸೆ ಇದ್ದವನೇ ಗ್ರಂಥಭಂಡಾರ ಕಟ್ಟುತ್ತಾನೆ. ಆ ಭರವಸೆಯನ್ನು ಕಂಪನಿ ಸರ್ಕಾರ ಒಂದು ಪತ್ರದಲ್ಲಿ ಮುರಿಯಿತು: ನಿನಗೆ ದತ್ತಕದ ಅಧಿಕಾರವಿಲ್ಲ, ನಿನ್ನ ಸಂಸ್ಥಾನ ನಿನ್ನೊಂದಿಗೇ ಮುಗಿಯುತ್ತದೆ.

1858ರ ನರಗುಂದ ಬಂಡಾಯವನ್ನು ಕತ್ತಿ, ಕುದುರೆ, ತೋಪುಗಳ ಕಥೆಯಾಗಿ ನೋಡಿ ನಮಗೆ ರೂಢಿಯಾಗಿದೆ. ಅದಕ್ಕೂ ಬಹಳ ಮೊದಲೇ ಅದು ಸನದು, ಅರ್ಜಿ, ತಪಾಸಣೆ, ಜಪ್ತಿ ಹುಕುಮುಗಳ ಜಗಳವಾಗಿತ್ತು. ಕೈಯಲ್ಲಿ ಗ್ರಂಥ ಹಿಡಿದಿದ್ದ ಮನುಷ್ಯ ಕೊನೆಗೆ ಕತ್ತಿ ಹಿಡಿದದ್ದು ಕಾಗದದ ದಾರಿಗಳೆಲ್ಲ ಮುಚ್ಚಿದ ಮೇಲೆ.

ಒಂದೇ ಸಾಲಿನ ಮೂರು ಊರು

ನಕ್ಷೆ ಬಿಡಿಸಿ ನೋಡಿದರೆ ನರಗುಂದ, ರೋಣ, ಗಜೇಂದ್ರಗಡ ಈ ಮೂರೂ ಪಡುವಣದಿಂದ ಮೂಡಣಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬರುತ್ತವೆ. ಎರಡು ತುದಿಗೆ ಎರಡು ಗುಡ್ಡದ ಕೋಟೆ, ನಡುವೆ ರೋಣದ ಎರಿ ಹೊಲ. ಬಿಳಿಜೋಳ, ಹತ್ತಿ, ಕಡಲೆ, ಕುಸುಬಿ ಬೆಳೆಯುವ ಈ ನೆಲಕ್ಕೆ ಮಳೆ ಬಿದ್ದರೆ ಗಾಡಿಯ ಗಾಲಿ ಅಚ್ಚಿನವರೆಗೂ ಹುಗಿಯುತ್ತದೆ. ಬೇಸಗೆಯಲ್ಲಿ ಆಳುದ್ದ ಬಿರುಕು. ಇಂಥ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಗುಡ್ಡ ಯಾರ ಕೈಯಲ್ಲಿದೆಯೋ ಸುತ್ತಲಿನ ಕಂದಾಯ ಅವರದು. ನರಗುಂದದ ಗುಡ್ಡದ ಮೇಲೆ ಶಿವಾಜಿ 1674ರಲ್ಲಿ ಕೋಟೆ ಕಟ್ಟಿಸಿದ ಎನ್ನುತ್ತಾರೆ. ಆಮೇಲೆ ಅದು ಕೊಂಕಣಸ್ಥ ಬ್ರಾಹ್ಮಣರಾದ ಭಾವೆ ಮನೆತನದ ಕೈಗೆ ಬಂತು. ಗುಡ್ಡದ ಬುಡದ ವೆಂಕಟೇಶ್ವರ ದೇವಾಲಯ ಆ ಮನೆತನದ್ದೇ ಕೊಡುಗೆ.

ಬಾಬಾಸಾಹೇಬನಿಗಿಂತ ಮುಂಚೆಯೇ ನರಗುಂದ ಒಮ್ಮೆ ದೊಡ್ಡ ಯುದ್ಧಕ್ಕೆ ಕಾರಣವಾಗಿತ್ತು. ಅದೂ ಲೆಕ್ಕದ ಜಗಳವೇ. ಹೈದರಾಲಿ ಈ ಸೀಮೆಯನ್ನು ಗೆದ್ದಾಗ ನರಗುಂದದ ವೆಂಕಟರಾವ್ ಭಾವೆ ಇಂತಿಷ್ಟು ಕಪ್ಪ ಕೊಟ್ಟು ತನ್ನ ಜಹಗೀರು ಉಳಿಸಿಕೊಂಡಿದ್ದ. ಟಿಪ್ಪು ಪಟ್ಟಕ್ಕೆ ಬಂದ ಮೇಲೆ ಕಪ್ಪವನ್ನು ಹೆಚ್ಚಿಸಿದ. ವೆಂಕಟರಾವ್ ಮತ್ತು ಅವನ ಕಾರಭಾರಿ ಕಾಳೋಪಂತ ಪುಣೆಯ ನಾನಾ ಫಡ್ನವೀಸನಿಗೆ ಮೊರೆಯಿಟ್ಟರು. ಪುಣೆಯಿಂದ ಬಂದ ನೆರವು ಸಾಲಲಿಲ್ಲ. 1785ರಲ್ಲಿ ಮೈಸೂರಿನ ಪಡೆ ನರಗುಂದಕ್ಕೆ ಮುತ್ತಿಗೆ ಹಾಕಿತು. ತಿಂಗಳುಗಟ್ಟಲೆ ತಡೆದ ಕೋಟೆ ಕೊನೆಗೆ ಶರಣಾಯಿತು. ಕೊಟ್ಟ ಮಾತು ಮುರಿದು ವೆಂಕಟರಾವನನ್ನು ಮನೆಯವರ ಸಮೇತ ಸೆರೆಗೆ ಒಯ್ದರು. ಪುಣೆ ದರ್ಬಾರಿಗೆ ಇದು ಮಾನದ ಪ್ರಶ್ನೆಯಾಯಿತು. ಮರುವರ್ಷ ಮರಾಠರೂ ನಿಜಾಮನೂ ಕೂಡಿ ಮೈಸೂರಿನ ಮೇಲೆ ಬಂದರು. ಬಾದಾಮಿ ಬಿತ್ತು, ಗಜೇಂದ್ರಗಡವೂ ಮರಾಠರ ಕೈಸೇರಿತು. ಕೊನೆಗೆ 1787ರಲ್ಲಿ ಒಪ್ಪಂದವಾದದ್ದು ಆ ಗಜೇಂದ್ರಗಡದಲ್ಲೇ. ಅದರಂತೆ ಬಾದಾಮಿ, ಕಿತ್ತೂರು, ನರಗುಂದ ಮರಾಠರಿಗೆ ಮರಳಿದವು, ಬಾಕಿ ಕಪ್ಪ ತೀರಿಸಲು ಟಿಪ್ಪು ಒಪ್ಪಿದ. ಕಾಲಕಾಲೇಶ್ವರನ ದರ್ಶನಕ್ಕೆಂದು ಗಜೇಂದ್ರಗಡದ ಗುಡ್ಡ ಹತ್ತುವ ಭಕ್ತರಲ್ಲಿ ಎಷ್ಟು ಜನಕ್ಕೆ ಈ ಒಪ್ಪಂದದ ನೆನಪಿದೆಯೋ! ಪುಣೆ, ಹೈದರಾಬಾದು, ಶ್ರೀರಂಗಪಟ್ಟಣ ಮೂರೂ ರಾಜಧಾನಿಗಳ ಭವಿಷ್ಯದ ಮಾತು ಒಂದು ಕಾಲಕ್ಕೆ ನಮ್ಮ ಈ ಬಯಲುಸೀಮೆಯಲ್ಲಿ ನಡೆದಿತ್ತು. ನರಗುಂದ ಭಾವೆಗಳಿಗೆ ತಿರುಗಿ ಸಿಕ್ಕಿತು. ಕಾಗದದ ಮೇಲೆ ಬರೆದ ಕರಾರೊಂದು ಕಳೆದುಹೋದ ರಾಜ್ಯವನ್ನು ವಾಪಸು ತಂದುಕೊಡಬಲ್ಲದು ಎಂಬುದು ಆ ಮನೆತನದ ಅನುಭವಕ್ಕೇ ಬಂದಿದ್ದ ಸತ್ಯ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು. ರೋಣ, ಗದಗ, ಡಂಬಳದ ಹಳ್ಳಿಗಳು ನೇರವಾಗಿ ಕಂಪನಿಯ ಧಾರವಾಡ ಕಲೆಕ್ಟರಿಗೆ ಸೇರಿದವು. ನರಗುಂದವನ್ನು ಮಾತ್ರ ನಿಷ್ಠೆಯ ಕರಾರಿನ ಮೇಲೆ ಭಾವೆಗಳಿಗೇ ಬಿಟ್ಟರು. ಉತ್ತರಕ್ಕೆ ಮಲಪ್ರಭೆಯ ದಡದ ರಾಮದುರ್ಗವೂ ಅವರ ದಾಯಾದಿಗಳದೇ ಆಗಿತ್ತು. ಇಂಥ ಸಂಸ್ಥಾನದ ಗಾದಿಗೆ 1842ರಲ್ಲಿ ಬಂದವನು ಭಾಸ್ಕರರಾವ್ ಭಾವೆ. ಜನರ ಬಾಯಲ್ಲಿ ಬಾಬಾಸಾಹೇಬ.

ಮಗನಿಲ್ಲದ ಮನೆ

ಬಾಬಾಸಾಹೇಬನಿಗೆ ಗಂಡು ಸಂತಾನವಿರಲಿಲ್ಲ. ದತ್ತು ತೆಗೆದುಕೊಳ್ಳುತ್ತೇನೆ, ಅನುಮತಿ ಕೊಡಿ ಎಂದು ಸರ್ಕಾರವನ್ನು ಕೇಳಿದ. ಸರ್ಕಾರ ಒಲ್ಲೆನೆಂದಿತು.

ಈ ಒಲ್ಲೆ ಎಂಬ ಮಾತು ಧಾರವಾಡ ಸೀಮೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಅದೇ ಅಕ್ಟೋಬರಿನಲ್ಲಿ ಕಿತ್ತೂರ ಕೋಟೆಯ ಮುಂದೆ ಅವನು ಹತನಾದ. ಆಮೇಲೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದು ಈ ನಿರಾಕರಣೆಯನ್ನೇ ರಾಜನೀತಿಯಾಗಿ ಮಾಡಿದ. 1848ರಲ್ಲಿ ಸಾತಾರಾ ಹೋಯಿತು, 1853ರಲ್ಲಿ ಝಾನ್ಸಿ, 1854ರಲ್ಲಿ ನಾಗಪುರ. ಸಾತಾರಾ ಎಂದರೆ ಶಿವಾಜಿಯ ವಂಶದ ಗಾದಿ. ಅದೇ ಉಳಿಯಲಿಲ್ಲವೆಂದ ಮೇಲೆ ನರಗುಂದದ ಗತಿಯೇನು ಎಂಬುದು ಬಾಬಾಸಾಹೇಬನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ಕಾಯದೆಯ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ದತ್ತಕವನ್ನು ಕಂಪನಿ ಸರ್ಕಾರ ಸಾರಾಸಗಟಾಗಿ ತಳ್ಳಿಹಾಕಿರಲಿಲ್ಲ. ಅದರ ಕೋರ್ಟುಗಳಲ್ಲಿ ಹಿಂದೂಗಳ ಆಸ್ತಿಯ ವ್ಯಾಜ್ಯ ಬಂದರೆ ಧರ್ಮಶಾಸ್ತ್ರದ ಪ್ರಕಾರವೇ ತೀರ್ಪಾಗುತ್ತಿತ್ತು. ಅದಕ್ಕೆಂದೇ ಕೋಲ್‌ಬ್ರೂಕ್ 1810ರಲ್ಲಿ ಮಿತಾಕ್ಷರದ ದಾಯಭಾಗವನ್ನು ಇಂಗ್ಲಿಷಿಗೆ ತಂದಿದ್ದ. ಸದರ್‌ಲ್ಯಾಂಡ್ 1821ರಲ್ಲಿ ದತ್ತಕ ಮೀಮಾಂಸಾ, ದತ್ತಕ ಚಂದ್ರಿಕಾ ಎಂಬ ಎರಡು ಗ್ರಂಥಗಳನ್ನು ಅನುವಾದಿಸಿದ್ದ. ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮವನೇ, ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದವನು. ಅಂದರೆ ರೋಣದ ಒಬ್ಬ ಸಾಹುಕಾರ ಮಕ್ಕಳಿಲ್ಲದೆ ದತ್ತು ತೆಗೆದುಕೊಂಡರೆ ಅವನ ಅಂಗಡಿ, ಹೊಲ, ಮನೆ ಆ ಹುಡುಗನಿಗೆ ಸಲ್ಲುತ್ತಿತ್ತು. ಕಂಪನಿಯ ನ್ಯಾಯಾಧೀಶನೇ ಹಾಗೆ ತೀರ್ಪು ಬರೆಯುತ್ತಿದ್ದ. ನರಗುಂದದ ಅರಸ ಅದೇ ಶಾಸ್ತ್ರದಂತೆ ದತ್ತು ತೆಗೆದುಕೊಂಡರೆ ಮಗ ಪಿಂಡ ಇಡಬಹುದು, ತಂದೆಯ ಒಡವೆ ವಸ್ತ್ರಕ್ಕೆ ವಾರಸುದಾರನಾಗಬಹುದು, ಆಳುವಂತಿಲ್ಲ. ಆಳುವ ಹಕ್ಕು ಸಾರ್ವಭೌಮ ಸರ್ಕಾರದ ದಯೆ ಎಂಬುದು ಡಾಲ್‌ಹೌಸಿಯ ವಾದ. ಮೂರು ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳ ಭಂಡಾರದಲ್ಲಿ ಮಿತಾಕ್ಷರ ಇಲ್ಲದೆ ಹೋದೀತೆ? ಆ ಅರಸ ತನ್ನ ಶಾಸ್ತ್ರವನ್ನು ತಾನು ಬಲ್ಲವನಾಗಿದ್ದ. ತನ್ನ ಪ್ರಜೆಗೂ ಸಲ್ಲುವ ಹಕ್ಕು ತನಗೆ ಮಾತ್ರ ಸಲ್ಲದು ಎಂಬ ಮಾತು ಅಂಥವನಿಗೆ ಹೇಗೆ ಚುಚ್ಚಿರಬೇಕು ಎಂದು ಯೋಚಿಸಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ದತ್ತಕದ ಜೊತೆಗೇ ಬಂದದ್ದು ಇನಾಮು ಕಮಿಷನ್. 1843ರಲ್ಲಿ ನಮ್ಮ ದಕ್ಷಿಣ ಮರಾಠಾ ಸೀಮೆಯಲ್ಲೇ ಮೊದಲುಗೊಂಡ ಈ ತಪಾಸಣೆಗೆ 1852ರ 11ನೇ ಕಾಯದೆ ಪೂರ್ತಿ ಬಲ ಕೊಟ್ಟಿತು. ಹಳ್ಳಿಯ ದೇಸಾಯಿ, ನಾಡಗೌಡ, ಮಠ, ಗುಡಿ, ವೈದಿಕರು ಯಾರೇ ಆಗಲಿ, ಕಂದಾಯವಿಲ್ಲದೆ ಭೂಮಿ ಉಣ್ಣುವವರು ಬಂದು ದಾಖಲೆ ತೋರಿಸಬೇಕು. ಯಾರು ಕೊಟ್ಟರು? ಕೊಡುವ ಅಧಿಕಾರ ಅವರಿಗಿತ್ತೇ? ಎಷ್ಟು ತಲೆಮಾರಿಗೆ ಕೊಟ್ಟರು? ಬಿಜಾಪುರದ ಆದಿಲಶಾಹಿ, ಮೊಗಲರು, ಸವಣೂರು ನವಾಬ, ಮರಾಠರು, ಹೈದರ್, ಟಿಪ್ಪು ಇಷ್ಟು ಆಳ್ವಿಕೆ ಕಂಡ ನಾಡಿದು. ಒಂದು ದಂಡು ಬಂದಾಗ ಮನೆ ಸುಟ್ಟಿರುತ್ತದೆ, ಇನ್ನೊಂದು ಬಂದಾಗ ಊರೇ ಗುಳೆ ಹೋಗಿರುತ್ತದೆ. ಗೆದ್ದಲು ತಿಂದ ಸನದು ಹಿಡಿದುಕೊಂಡು ಮುದುಕರು ಕಚೇರಿಯ ಮುಂದೆ ಕೂತರು. ಕಮಿಷನ್ನಿನ ಮೊದಲ ವರ್ಷಗಳಲ್ಲಿ 35,000 ಹಿಡುವಳಿಗಳ ತಪಾಸಣೆಯಾಗಿ ಸುಮಾರು 20,000 ಜಪ್ತಾದವು ಎಂಬ ಲೆಕ್ಕ ಚರಿತ್ರೆಯ ಪುಸ್ತಕಗಳಲ್ಲಿ ಬರುತ್ತದೆ. ಈ ಕಮಿಷನ್ನಿನಲ್ಲಿ ಹುರುಪಿನಿಂದ ದುಡಿದ ಎಳೆಯ ಅಧಿಕಾರಿಗಳಲ್ಲೊಬ್ಬ ಚಾರ್ಲ್ಸ್ ಮ್ಯಾನ್ಸನ್. ಆಮೇಲೆ ಅವನೇ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾದ. ಭೂಮಿ ಕಳೆದುಕೊಂಡ ಮನೆತನಗಳ ಕಣ್ಣಿಗೆ ಕಮಿಷನ್ ಎಂದರೆ ದೂರದ ಕಾಯದೆಯಲ್ಲ, ಮೇಜಿನ ಆಚೆ ಕೂತು ತಮ್ಮ ಕಾಗದ ತಿರುವಿದ ಆ ಮನುಷ್ಯ. ಅವನ ಸ್ವಭಾವ ಕೆಟ್ಟದ್ದಾಗಿತ್ತೆಂದು ಹೇಳಲು ಆಧಾರವಿಲ್ಲ. ದಕ್ಷ, ಧೈರ್ಯವಂತ ಎಂದೇ ಅವನನ್ನು ಬಲ್ಲವರು ಬರೆದಿದ್ದಾರೆ. ಆದರೆ ಸಾವಿರಾರು ಮನೆಗಳ ಸಂಕಟ ಅವನ ಹೆಸರಿಗೆ ಅಂಟಿಕೊಂಡಿತ್ತು.

ಮೂರನೆಯದು ನಿಶ್ಶಸ್ತ್ರೀಕರಣ. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದ ಮೇಲೆ ಇಲ್ಲಿಯೂ ಆಯುಧ ಒಪ್ಪಿಸಬೇಕೆಂಬ ಹುಕುಮು ಹೊರಟಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲವೆಂದರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ಕುದುರೆ ಪಡೆ ಊರಿಗೆ ನುಗ್ಗಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿ ಊರೂರು ತಿರುಗಿತು, ಮುಂದೆ ಶಾಸನತಜ್ಞ ಫ್ಲೀಟ್ ಅದನ್ನು ಬರೆದುಕೊಂಡು ಅಚ್ಚು ಮಾಡಿಸುವಷ್ಟು. 1858ರ ಫೆಬ್ರುವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕ ಎದ್ದ, ಅದೂ ಮುರಿಯಿತು. ಸಾಲದ್ದಕ್ಕೆ ನರಗುಂದದ ತೋಪು, ಮದ್ದುಗುಂಡುಗಳನ್ನು ಧಾರವಾಡಕ್ಕೆ ಸಾಗಿಸಬೇಕೆಂಬ ಒತ್ತಾಯವೂ ಬಂತು. ವಾರಸುದಾರನಿಲ್ಲ, ಇನಾಮಿಗೆ ಭದ್ರತೆಯಿಲ್ಲ, ಈಗ ತೋಪೂ ಇಲ್ಲ.

ಮೇ ತಿಂಗಳ ಕೊನೆ

ಬೆಂಕಿ ಹತ್ತಿದ್ದು ಮುಂಡರಗಿಯ ಕಡೆಯಿಂದ. ಮುಂಡರಗಿ ಭೀಮರಾಯ ಕಂಪನಿಯ ಕಂದಾಯ ಇಲಾಖೆಯಲ್ಲಿ ತಹಶೀಲ್ದಾರನಾಗಿದ್ದವನು, ಸರ್ಕಾರದ ಕಾಗದಪತ್ರ ಹೇಗೆ ನಡೆಯುತ್ತದೆಂದು ಒಳಗಿನಿಂದ ಬಲ್ಲವನು. ಹಮ್ಮಿಗಿಯ ಕೆಂಚನಗೌಡ, ಸೊರಟೂರಿನ ದೇಸಾಯಿ ಮುಂತಾದವರು ಅವನ ಜೊತೆಗಿದ್ದರು. ನರಗುಂದಕ್ಕೂ ಇವರಿಗೂ ಮಾತುಕತೆ ನಡೆದಿತ್ತು. ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳು ಸರ್ಕಾರದ ಕೈಗೆ ಸಿಕ್ಕಾಗ ಭೀಮರಾಯ ಕಾಯುವಂತಿರಲಿಲ್ಲ. ಮೇ ಕೊನೆಯ ವಾರದಲ್ಲಿ ಅವನ ಜನ ಕಾವಲಿನವರನ್ನು ಕೊಂದು, ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆ ಹಿಡಿದರು. ಸುದ್ದಿ ತಿಳಿದ ಬಾಬಾಸಾಹೇಬ ಉಳಿದಿದ್ದ ತೋಪುಗಳನ್ನು ಕೋಟೆಗೇರಿಸಿದ.

ಮ್ಯಾನ್ಸನ್ ಆಗ ಕುರುಂದವಾಡದ ಕಡೆಯಿಂದ ತ್ವರೆಯಾಗಿ ಇತ್ತ ಬರುತ್ತಿದ್ದ. ಸಂಸ್ಥಾನಿಕರನ್ನು ಮುಖತಃ ಕಂಡು ಮಾತಾಡಿದರೆ ಶಾಂತವಾದಾರು ಎಂಬುದು ಅವನ ನಂಬಿಕೆ. ಬೆಂಗಾವಲಿನ ದೊಡ್ಡ ಪಡೆಯನ್ನು ಹಿಂದೆ ಬಿಟ್ಟು ಬೆರಳೆಣಿಕೆಯ ಸವಾರರೊಂದಿಗೆ ರಾಮದುರ್ಗ ಮುಟ್ಟಿದ. ರಾಮದುರ್ಗದ ಅರಸ ಬಾಬಾಸಾಹೇಬನಿಗೆ ಮಲಸೋದರ. ನರಗುಂದದ ದಾರಿ ಹಿಡಿಯಬೇಡ, ಅಲ್ಲಿ ಮನಸ್ಸು ಕೆಟ್ಟಿದೆ ಎಂದು ಅವನೇ ಎಚ್ಚರಿಸಿದ. ಮ್ಯಾನ್ಸನ್ ಹೊರಟೇಬಿಟ್ಟ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ, ಪಲ್ಲಕ್ಕಿಯಲ್ಲೇ ನಿದ್ದೆ ಹೋದ. ಬಾಬಾಸಾಹೇಬ ನೂರಾರು ಜನರೊಂದಿಗೆ ಬಂದು ಮುತ್ತಿದ. ಮ್ಯಾನ್ಸನ್ ಪಿಸ್ತೂಲಿನಿಂದ ಎದುರಿಸಿದನಾದರೂ ಆ ಸಂಖ್ಯೆಯ ಮುಂದೆ ಅದು ಎಷ್ಟು ಹೊತ್ತು! ಅವನನ್ನು ಕೊಂದು ತಲೆ ಕಡಿದು, ದೇಹವನ್ನು ಬೆಂಕಿಗೆ ಹಾಕಿದರು. ರುಂಡ ನರಗುಂದದ ಅಗಸಿಗೆ ಬಂತು. ಮಲಗಿದ್ದ ಮನುಷ್ಯನ ಮೇಲೆ ಬಿದ್ದು ಮಾಡಿದ ಈ ಕೆಲಸವನ್ನು ನಾನು ವೀರಕಾರ್ಯವೆಂದು ಬರೆಯಲಾರೆ. ಆ ರುಂಡವನ್ನು ಕಂಡು ಅಂದು ಊರಿನಲ್ಲಿ ಕೆಲವರಾದರೂ ಮುಖ ತಿರುಗಿಸಿರಬೇಕು. ವರ್ಷಗಟ್ಟಲೆ ಅದುಮಿಟ್ಟ ಅಪಮಾನ ಒಂದೇ ರಾತ್ರಿಯಲ್ಲಿ ಹೊರಬಿದ್ದರೆ ಅದಕ್ಕೆ ನ್ಯಾಯ ಅನ್ಯಾಯದ ತಕ್ಕಡಿ ಇರುವುದಿಲ್ಲ ಎಂಬುದಷ್ಟೇ ಇಲ್ಲಿ ಕಾಣುವ ನಿಜ.

ಮುಂದಿನದು ಬೇಗ ಮುಗಿಯಿತು. ಜೂನ್ 1ರಂದು ಕೊಪ್ಪಳದ ಕೋಟೆಗೆ ಮೇಜರ್ ಹ್ಯೂಸ್‌ನ ಪಡೆ ನುಗ್ಗಿತು. ಭೀಮರಾಯನೂ ಕೆಂಚನಗೌಡನೂ ಅಲ್ಲೇ ಕಾದಾಡಿ ಮಡಿದರು. ಅದೇ ಹೊತ್ತಿಗೆ ಹಲಗಲಿಯನ್ನು ಸುಟ್ಟ ಆ ಮಾಲ್ಕಮ್‌ನೇ ನರಗುಂದದ ಮುಂದೆ ಬಂದು ನಿಂತಿದ್ದ. ಬಯಲಿನ ಕಾಳಗದಲ್ಲಿ ಅವನ ಪಳಗಿದ ಕುದುರೆ ಸವಾರರ ಎದುರು ಸಂಸ್ಥಾನದ ಪಡೆ ನಿಲ್ಲಲಿಲ್ಲ. ಪೇಟೆ ಬಿತ್ತು. ಮರುದಿನ ಗುಡ್ಡ ಹತ್ತಿದಾಗ ಕೋಟೆ ಬರಿದಾಗಿತ್ತು. ತಿಂಗಳುಗಟ್ಟಲೆ ಟಿಪ್ಪುವಿನ ಪಡೆಯನ್ನು ತಡೆದ ಕೋಟೆ ಒಂದು ದಿನವೂ ತಡೆಯಲಿಲ್ಲವೇಕೆ ಎಂದು ಊರವರು ಇಂದಿಗೂ ವಾದಿಸುತ್ತಾರೆ, ಒಳಗಿನವರ ದ್ರೋಹದ ಕಥೆ ಹೇಳುತ್ತಾರೆ. ದ್ರೋಹ ಇದ್ದರೂ ಇಲ್ಲದಿದ್ದರೂ ಮದ್ದುಗುಂಡು ಕಳೆದುಕೊಂಡಿದ್ದ, ಆಸುಪಾಸಿನ ಯಾವ ಸಂಸ್ಥಾನವೂ ಕೈಹಿಡಿಯದ ಕೋಟೆ ಎಷ್ಟು ದಿನ ನಿಂತೀತು?

ಬಾಬಾಸಾಹೇಬ ಕೆಲವೇ ಜನರೊಂದಿಗೆ ಪಂಢರಪುರಕ್ಕೆ ಹೊರಟ ಯಾತ್ರಿಕನ ವೇಷದಲ್ಲಿ ತೊರಗಲ್ಲಿನ ಅಡವಿ ಸೇರಿದ್ದ. ಬೆಳಗಾವಿಯ ಪೊಲೀಸ್ ಅಧಿಕಾರಿ ಫ್ರಾಂಕ್ ಸೂಟರ್ ಬೆನ್ನುಹತ್ತಿ ಹಿಡಿದ. ಈ ಸೂಟರನೇ ಮುಂದೆ 1864ರಲ್ಲಿ ಮುಂಬೈ ನಗರದ ಪೊಲೀಸ್ ಕಮಿಷನರನಾದ. ಮಾಲ್ಕಮ್ ಹತ್ತು ವರ್ಷಗಳ ಮೇಲೆ ಅಬಿಸೀನಿಯಾದ ದಂಡಯಾತ್ರೆಗೆ ಹೋದ. ಒಂದು ಸಾಮ್ರಾಜ್ಯ ತನ್ನ ಕೈಯಾಳುಗಳನ್ನು ಎಲ್ಲಿಂದ ಎಲ್ಲಿಗೆ ಸಾಗಿಸುತ್ತದೆ ನೋಡಿ. ಬೆಳಗಾವಿಯಲ್ಲಿ ವಿಚಾರಣೆ ಮುಗಿದು ಜೂನ್ 12ರಂದು ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟಿದ್ದರು. ದತ್ತು ಪುತ್ರನ ಕೈಹಿಡಿದು ಗಾದಿಯ ಮೇಲೆ ಕೂರಿಸಬೇಕಾಗಿದ್ದ ಆ ಇಬ್ಬರು ಹೆಂಗಸರ ಬಗ್ಗೆ ಸರ್ಕಾರದ ವರದಿಗಳಲ್ಲಿ ಇರುವುದು ಒಂದೋ ಎರಡೋ ಸಾಲು. ಅವರ ಹೆಸರಿನಲ್ಲಿ ಅಗಸಿಯಿಲ್ಲ, ಲಾವಣಿಯಿಲ್ಲ. ನರಗುಂದದ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಾವು ಮ್ಯಾನ್ಸನ್ನನದೂ ಅಲ್ಲ, ಅರಸನದೂ ಅಲ್ಲ, ಅವರದು.

ಅದಾದ ಮೇಲೆ

ಬಾಬಾಸಾಹೇಬ ಸತ್ತು ಐದು ತಿಂಗಳು ತುಂಬಿರಲಿಲ್ಲ. 1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ದೇಶದ ತುಂಬ ಓದಿ ಹೇಳಿದರು. ಕಂಪನಿಯ ಆಳ್ವಿಕೆ ಮುಗಿಯಿತು, ಸಂಸ್ಥಾನಿಕರ ಹಕ್ಕು, ಮಾನ, ಒಪ್ಪಂದಗಳನ್ನು ಕಾಯುತ್ತೇವೆ ಎಂಬ ವಚನ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ವೈಸರಾಯ್ ಕ್ಯಾನಿಂಗ್ ಒಬ್ಬೊಬ್ಬ ಸಂಸ್ಥಾನಿಕನಿಗೂ ದತ್ತಕದ ಸನದು ಬರೆದುಕೊಟ್ಟ: ನಿಮಗೆ ಮಕ್ಕಳಿಲ್ಲದಿದ್ದರೆ ನಿಮ್ಮ ಧರ್ಮದಂತೆ ದತ್ತು ತೆಗೆದುಕೊಳ್ಳಿ, ನಾವು ಒಪ್ಪುತ್ತೇವೆ. ಮ್ಯಾನ್ಸನ್ನನನ್ನು ಎಚ್ಚರಿಸಿದ ರಾಮದುರ್ಗದ ಮನೆತನಕ್ಕೂ ಅಂಥ ಸನದು ಸಿಕ್ಕಿತು. ಆ ಸಂಸ್ಥಾನ ಸ್ವಾತಂತ್ರ್ಯ ಬಂದು 1948ರಲ್ಲಿ ವಿಲೀನವಾಗುವ ತನಕ ಉಳಿಯಿತು. ಬಾಬಾಸಾಹೇಬ ಕೇಳಿದ್ದು ಇದೇ ಕಾಗದವನ್ನು. ಇದಕ್ಕಿಂತ ಒಂದಕ್ಷರ ಹೆಚ್ಚು ಕೇಳಿರಲಿಲ್ಲ. ಅವನಂಥವರು ಸತ್ತ ಮೇಲಷ್ಟೇ ಬದುಕಿದ್ದವರಿಗೆ ಅದು ಸಿಕ್ಕಿತು.

ನರಗುಂದ ಧಾರವಾಡ ಜಿಲ್ಲೆಗೆ ಸೇರಿತು, ಕೋಟೆಯನ್ನು ಮತ್ತೆ ಬಳಕೆಗೆ ಬಾರದಂತೆ ಕೆಡವಿದರು. ಆ ಜೂನ್ ತಿಂಗಳ ಮತ್ತೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ನಮ್ಮ ಎರಿ ಹೊಲದ ತನಕ ಬಂದು ಮುಟ್ಟಿತು. ಬೆಳಗಾವಿಯ ಗಲ್ಲು ಆದ ನಾಲ್ಕನೇ ದಿನ, ಜೂನ್ 16ರಂದು, ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಅಬ್ರಹಾಂ ಲಿಂಕನ್ ಎಂಬ ವಕೀಲ, ಅರ್ಧ ದೇಶದಲ್ಲಿ ಗುಲಾಮಗಿರಿ ಇಟ್ಟುಕೊಂಡು ಒಂದು ನಾಡು ಬಾಳಲಾರದು ಎಂದು ಭಾಷಣ ಮಾಡಿದ. ಈತ 1861ರಲ್ಲಿ ಅಧ್ಯಕ್ಷನಾದ. ಅಲ್ಲಿ ಒಳಯುದ್ಧ ಶುರುವಾಯಿತು. ಅಮೆರಿಕದ ದಕ್ಷಿಣದ ರಾಜ್ಯಗಳ ಹತ್ತಿ ಲಿವರ್‌ಪೂಲಿಗೆ ಹೋಗುವುದು ನಿಂತಿತು. 1840ರ ದಶಕದಿಂದ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜ ತಂದು ಬೆಳೆಸುತ್ತಿದ್ದ ಹತ್ತಿಗೆ ಏಕಾಏಕಿ ಚಿನ್ನದ ಬೆಲೆ ಬಂತು. ‘ಧಾರವಾಡ-ಅಮೆರಿಕನ್’ ಎಂದು ವ್ಯಾಪಾರಿಗಳು ಕರೆದ ಆ ಹತ್ತಿಯನ್ನು ಬೆಳೆದದ್ದು ಗದಗ, ರೋಣ, ನವಲಗುಂದ, ನರಗುಂದದ ಹೊಲಗಳೇ. ನಾಲ್ಕು ವರ್ಷ ಹಣ ಹರಿಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಅರಸನನ್ನು ಕಳೆದುಕೊಂಡ ರೈತ ತನಗೆ ಕಾಣದ ಪೇಟೆಯ ಏರಿಳಿತಕ್ಕೆ ಸಿಕ್ಕಿಕೊಂಡ. ಆ ಸಿಕ್ಕು ಇನ್ನೂ ಬಿಟ್ಟಿಲ್ಲ.

ನರಗುಂದದಲ್ಲಿ ಇನ್ನೊಮ್ಮೆ ಬಂಡಾಯ ಆದದ್ದು ಸ್ವತಂತ್ರ ಭಾರತದಲ್ಲಿ, 1980ರ ಜುಲೈ 21ರಂದು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂದಿತ್ತು. ನೀರು ಸರಿಯಾಗಿ ಬಾರದ ಹೊಲಕ್ಕೂ ನೀರಿನ ಕರ, ಅಭಿವೃದ್ಧಿ ಕರದ ನೋಟಿಸು ಬಂತು. ಬೆಳೆ ಕೈಕೊಟ್ಟಿತ್ತು, ಬೆಲೆ ಇರಲಿಲ್ಲ. ತಹಶೀಲ್ದಾರ ಕಚೇರಿಯ ಮುಂದೆ ಸೇರಿದ ರೈತರ ಮೇಲೆ ಗೋಲಿಬಾರಾಗಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಅದೇ ದಿನ ನವಲಗುಂದದಲ್ಲೂ ರಕ್ತ ಹರಿಯಿತು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ಕಿಚ್ಚಿನಲ್ಲೇ, ಗುಂಡೂರಾವ್ ಸರ್ಕಾರ 1983ರ ಚುನಾವಣೆಯಲ್ಲಿ ಬಿದ್ದದ್ದಕ್ಕೂ ಅದೊಂದು ಕಾರಣ. ಬಾಬಾಸಾಹೇಬ ಅರಸ, ಈರಪ್ಪ ರೈತ. ಇಬ್ಬರ ಬದುಕಿಗೂ ಹೋಲಿಕೆಯಿಲ್ಲ. ಆದರೆ ಎರಡು ಸಲವೂ ನರಗುಂದ ಎದ್ದದ್ದು ಕಚೇರಿಯೊಂದು ಕಳಿಸಿದ ಕಾಗದದಲ್ಲಿ ತನ್ನ ಬದುಕಿನ ಲೆಕ್ಕ ತಪ್ಪಾಗಿ ಬರೆದಿದೆ, ಅದನ್ನು ತಿದ್ದಲು ಯಾರೂ ತಯಾರಿಲ್ಲ ಎಂದು ಮನವರಿಕೆಯಾದಾಗ.

ಬಾಬಾಸಾಹೇಬನ ಗ್ರಂಥಭಂಡಾರ ಇವತ್ತು ನರಗುಂದದಲ್ಲಿಲ್ಲ. ಆದರೆ ಅವನ ಕಾಲದ ಕಾಗದಗಳು ಪೂರ್ತಿ ನಾಶವಾಗಿಲ್ಲ. ಇನಾಮುಗಳ ಹಕ್ಕು ತಪಾಸಣೆ ಮಾಡಲು ಪೇಶ್ವೆಗಳ ಹಳೆಯ ದಫ್ತರವೇ ದೊಡ್ಡ ಸಾಕ್ಷಿಯಾಗಿ ಬೇಕಾಗಿತ್ತು. ಹಾಗಾಗಿ ಇನಾಮು ಕಮಿಷನ್ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು, ಎಲ್ಲೆಲ್ಲಿಂದಲೋ ಬಂದ ಕಟ್ಟುಗಳನ್ನು ಅದಕ್ಕೆ ಕೂಡಿಸಿ, ವಿಂಗಡಿಸಿ ಇಟ್ಟಿತು. ಜನರ ಭೂಮಿ ಕಸಿಯಲು ಜೋಡಿಸಿದ ಆ ಕಾಗದರಾಶಿಯೇ ಇಂದು ಪುಣೆಯ ಪೇಶ್ವೆ ದಫ್ತರವೆಂದು ಪ್ರಸಿದ್ಧವಾಗಿದೆ, ಹದಿನೆಂಟನೆಯ ಶತಮಾನದ ದಖ್ಖನಿನ ಚರಿತ್ರೆಗೆ ಅದಕ್ಕಿಂತ ದೊಡ್ಡ ಆಧಾರ ಇನ್ನೊಂದಿಲ್ಲ. ಅದರಲ್ಲಿ ನಮ್ಮ ಸೀಮೆಯ ದೇಸಾಯಿಗಳ, ಕೋಟೆಗಳ, ಹಳ್ಳಿಗಳ ಲೆಕ್ಕವಿದೆ. ಬಹುಪಾಲು ಮೋಡಿ ಲಿಪಿಯಲ್ಲಿದೆ. ನೂರು ವರ್ಷದ ಹಿಂದೆ ನಮ್ಮ ಕುಲಕರ್ಣಿಗಳ ಮನೆಮನೆಯಲ್ಲೂ ಮೋಡಿ ಓದುವವರಿದ್ದರು, ಈಗ ಹುಡುಕಬೇಕು. ಅಗಸಿಗೆ ಬಣ್ಣ, ವೃತ್ತಕ್ಕೆ ಪುತ್ಥಳಿ ಎಂದು ಪ್ರತಿ ವರ್ಷ ಬೇಡಿಕೆ ಏಳುತ್ತದೆ, ಅದು ಆಗಲಿ. ಅದರ ಜೊತೆಗೆ ಗದಗ ಜಿಲ್ಲೆಯ ಒಂದು ಕಾಲೇಜಿನಲ್ಲಾದರೂ ಹತ್ತು ಹುಡುಗ ಹುಡುಗಿಯರಿಗೆ ಮೋಡಿ ಕಲಿಸುವ ವ್ಯವಸ್ಥೆಯಾಗಬೇಕು, ಅವರನ್ನು ಪುಣೆಗೆ, ಮುಂಬೈ ಪತ್ರಾಗಾರಕ್ಕೆ ಕಳಿಸಬೇಕು. ನರಗುಂದ, ರಾಮದುರ್ಗ, ಗಜೇಂದ್ರಗಡದ ಹೆಸರು ಬರುವ ಕಟ್ಟುಗಳನ್ನು ಅವರು ನಕಲು ಮಾಡಿ ತರಲಿ, ಕನ್ನಡಕ್ಕೆ ಇಳಿಸಲಿ. ಊರಿನ ವಾಚನಾಲಯದಲ್ಲಿ ಅವಕ್ಕೊಂದು ಕಪಾಟು ಇಡೋಣ.